ಖಾಲಿ ಕುರ್ಚಿ, ಕರಿಹಲಗೆ

1952ರ ಏಪ್ರಿಲ್ 22ರಂದು ಪ್ಯಾರಿಸ್ಸಿನ ಲಾಂಕ್ರಿ ಎಂಬ ಪುಟ್ಟ ರಂಗಮಂದಿರದಲ್ಲಿ ಅಯನೆಸ್ಕೋನ ‘ಕುರ್ಚಿಗಳು’ ಎಂಬ ಅಸಂಗತ ನಾಟಕ ಮೊದಲ ಸಲ ರಂಗವೇರಿತು. ಸುತ್ತ ನೀರು, ನಡುವೆ ಮನೆ. ಅಲ್ಲಿ 95ರ ಮುದುಕ, 94ರ ಮುದುಕಿ. ಲೋಕಕ್ಕೆ ಹೇಳಬೇಕಾದ ಸಂದೇಶವೊಂದು ಮುದುಕನಲ್ಲಿದೆ. ಕೇಳಲು ಅತಿಥಿಗಳು ಬರುತ್ತಾರೆ, ಆದರೆ ಅವರು ಯಾರೂ ಕಣ್ಣಿಗೆ ಕಾಣುವುದಿಲ್ಲ. ಕರೆಗಂಟೆ ಬಾರಿಸಿದಂತೆಲ್ಲ ಮುದುಕಿ ಓಡೋಡಿ ಕುರ್ಚಿ ತರುತ್ತಾಳೆ.

ಆ ಮುದುಕಿಯಾದ ನಟಿ ತ್ಸಿಲ್ಲಾ ಶೆಲ್ಟನ್‌ಗೆ ಆಗ ಬರೀ 32 ವರ್ಷ. ಅಷ್ಟು ಕುರ್ಚಿ ಹೊರಲು ಪ್ರಾಯದ ಮೈಯೇ ಬೇಕು! ಪ್ರೇಕ್ಷಕರು ಮಾತ್ರ ಬರಲಿಲ್ಲ. ರಂಗದ ಮೇಲಿನಂತೆ ಕೆಳಗೂ ಖಾಲಿ ಕುರ್ಚಿಗಳೇ. 1956ರಲ್ಲಿ ಜಾಕ್ ಮೊಕ್ಲೇರ್ ಮತ್ತೆ ಆಡಿಸಿದಾಗ, ನಾಟಕಕಾರ ಅನೂಯ್ ಪತ್ರಿಕೆಯಲ್ಲಿ ಮೆಚ್ಚಿ ಬರೆದ.

ನನ್ನನ್ನು ಕಾಡುವುದು ಕೊನೆಯ ದೃಶ್ಯ. ಸಂದೇಶವನ್ನು ಭಾಷಣಕಾರನಿಗೆ ಒಪ್ಪಿಸಿ ಇಬ್ಬರೂ ಕಿಟಕಿಯಿಂದ ನೀರಿಗೆ ಹಾರುತ್ತಾರೆ. ಭಾಷಣಕಾರನೋ ಕಿವುಡ, ಮೂಗ. ಏನೇನೋ ಸದ್ದು ಹೊರಡಿಸಿ, ಕರಿಹಲಗೆಯ ಮೇಲೆ ಅರ್ಥವಾಗದ ಅಕ್ಷರ ಬರೆಯುತ್ತಾನೆ. ಮೊದಲ ಪ್ರಯೋಗದಲ್ಲಿ ಈ ಕರಿಹಲಗೆಯನ್ನು ಕೈಬಿಟ್ಟಿದ್ದರು. 30 ವರ್ಷ ಕರಿಹಲಗೆಯ ಮುಂದೆ ನಿಂತ ನನಗೆ ಅದು ಸರಿಯೆನಿಸದು. ಸದ್ದು ಕೇಳಿದರೆ ‘ಪಾಪ, ಮೂಗ’ ಎಂದು ಸುಮ್ಮನಾಗುತ್ತೇವೆ. ಅಕ್ಷರ ಕಂಡರೆ ಓದಲು ಹೊರಡುತ್ತೇವೆ, ಓದಲಾಗದೆ ನಾವೂ ಸೋಲುತ್ತೇವೆ. ಸೋಲು ಆಗ ಅವನೊಬ್ಬನದಲ್ಲ.

ಕೊನೆಗಾಲದಲ್ಲಿ ಮಾತು ಬಿದ್ದುಹೋದ ಮೇಲೆ ನಮ್ಮತ್ತೆ ಹಳೆಯ ಸ್ಲೇಟಿನಲ್ಲಿ ಏನೋ ಗೀಚಿ ನನ್ನ ಮುಂದೆ ಹಿಡಿಯುತ್ತಿದ್ದರು. ಎಷ್ಟೋ ಮಕ್ಕಳ ಕಾಗೆಕಾಲು ಅಕ್ಷರ ಓದಿದವಳು ನಾನು, ಅದನ್ನು ಓದಲಾಗಲಿಲ್ಲ. ಅವರೋ, ಕೈ ನಡುಗಿದರೂ ಸ್ಲೇಟು ಕೆಳಗಿಡುತ್ತಿರಲಿಲ್ಲ.