ಮೆಟ್ಟಿಲು ಬಾವಿ ಮತ್ತು ನಾರುಹುಣ್ಣು



ಸಂಖ್ಯಾಕಾಂಡ 21ರಲ್ಲಿ ಇಸ್ರಯೇಲರನ್ನು ಕಚ್ಚಿದ ವಿಷಸರ್ಪಗಳ ಕಥೆ ನಮಗೆಲ್ಲ ಗೊತ್ತು. ಹಿಬ್ರೂ ಮೂಲದಲ್ಲಿ ಅವು ‘ಉರಿಯುವ’ ಸರ್ಪಗಳು. ಅವು ಹಾವಲ್ಲ, ನಾರುಹುಣ್ಣಿನ ಹುಳು ಇರಬಹುದೆಂದು ಕೆಲವು ಪಂಡಿತರ ಊಹೆ. ನನಗೇನೋ ಅಷ್ಟು ನಂಬಿಕೆ ಬರದು. ಆದರೆ ಆ ಹುಳುವಿನ ಉರಿ ಎಂಥದೆಂದು ನಮ್ಮ ರಾಯಲಸೀಮೆಯ ಹಿರಿಯರು ಬಲ್ಲರು.

ಆಗ ಎಷ್ಟೋ ಊರುಗಳಿಗೆ ಮೆಟ್ಟಿಲು ಬಾವಿಯೇ ಗತಿ. ನೀರಿಗೆ ಕಾಲಿಟ್ಟೇ ಕೊಡ ತುಂಬಬೇಕು. ಹುಣ್ಣಿದ್ದವರು ಇಳಿದರೆ ಹುಳು ಅಲ್ಲೇ ಮರಿ ಬಿಡುತ್ತಿತ್ತು. ಆ ಮರಿಗಳು ಸೈಕ್ಲಾಪ್ಸ್ ಎಂಬ ಬಲು ಸಣ್ಣ ಜೀವಿಯೊಳಗೆ ಸೇರಿ, ನೀರು ಕುಡಿದವರ ಹೊಟ್ಟೆಗೆ ಹೋಗುತ್ತಿದ್ದವು. ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆ ಎದ್ದು, ಮೀಟರ್ ಉದ್ದದ ದಾರದಂಥ ಹುಳು ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು, ತುಂಡಾದರೆ ಕೀವು. ಬಿತ್ತನೆಯ ಕಾಲದಲ್ಲಿ ದುಡಿಯುವವರೇ ವಾರಗಟ್ಟಲೆ ಮಲಗಿದರೆ ಮನೆಯ ಪಾಡೇನು?

ಸಿಡುಬಿಗಾದರೂ ಲಸಿಕೆ ಇತ್ತು. ಇದಕ್ಕೆ ಅದೂ ಇಲ್ಲ, ಔಷಧಿಯೂ ಇಲ್ಲ. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಆಂಧ್ರ, ಕರ್ನಾಟಕ ಎರಡರಲ್ಲೂ ರೋಗವಿತ್ತು. ಆರೋಗ್ಯ ಕಾರ್ಯಕರ್ತರು ನೀರು ಸೋಸಲು ಬಟ್ಟೆ ಕೊಟ್ಟರು, ಬಾವಿಗೆ ಔಷಧ ಹಾಕಿದರು. ಮೆಟ್ಟಿಲು ಬಾವಿಗಳು ಸೇದುವ ಬಾವಿಗಳಾದವು, ಬೋರಿಂಗುಗಳು ಬಂದವು. ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು.

ಕಂಬದೂರು ಕಡೆಯ ನಿಮ್ಮ ಮನೆಯಲ್ಲಿ ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ತುಂಬುವ ಅಜ್ಜಿ ಇದ್ದರೆ, ಯಾಕೆಂದು ಒಮ್ಮೆ ಕೇಳಿ ನೋಡಿ.