ಅಗಲ ಪರದೆಯ ಪೂರ್ವಕಥೆ

ಆಟಕ್ಕೂ ಚಲನಚಿತ್ರಕ್ಕೂ ಒದಗುವಂಥ ಒಂದು ಮಾನಿಟರನ್ನು ಕೊಳ್ಳಬೇಕೆಂದು ದೊಡ್ಡಬಳ್ಳಾಪುರದಿಂದಲೋ ಹೊಸಕೋಟೆಯಿಂದಲೋ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಳಿದ ತರುಣನಿಗೆ ಅಂಗಡಿಯವನು ಮೊದಲು ಕೇಳುವ ಪ್ರಶ್ನೆ ಬೆಲೆಯನ್ನು ಕುರಿತದ್ದಲ್ಲ, “ಇಪ್ಪತ್ತೇಳು ಇಂಚಾ, ಮೂವತ್ನಾಲ್ಕಾ? ಮಾಮೂಲಿದಾ, ಅಲ್ಟ್ರಾವೈಡಾ?” ಎಂಬುದು. ಈ ಪ್ರಶ್ನೆ ತನ್ನ ಪೀಳಿಗೆಯೊಡನೆಯೇ ಹುಟ್ಟಿತೆಂದು ಆ ತರುಣ ಭಾವಿಸಿದರೆ ಅದು ಸಹಜವೇ. ಆದರೆ ಚಿತ್ರದ ಅಗಲವೆಷ್ಟಿರಬೇಕೆಂಬ ಜಿಜ್ಞಾಸೆ ಅವನ ತಾತ ಟೆಂಟಿನ ನೆಲದ ಮೇಲೆ ಕುಳಿತು ಸಿನಿಮಾ ನೋಡುತ್ತಿದ್ದ ಕಾಲಕ್ಕಾಗಲೇ ಹಳತಾಗಿತ್ತು. ಅಂದಿಗೂ ಇಂದಿಗೂ ಇರುವ ಭೇದವೆಂದರೆ, ಅಂದು ಆ ಅಗಲವನ್ನು ಬೇರೆ ಯಾರೋ ನಿಶ್ಚಯಿಸುತ್ತಿದ್ದರು, ನೋಡುವವನನ್ನು ಯಾರೂ ಕೇಳುತ್ತಿರಲಿಲ್ಲ.

ಚಲನಚಿತ್ರದ ಮೂಲ ಆಕಾರ ನಿರ್ಣಯವಾದದ್ದು ಅಮೆರಿಕದಲ್ಲಿ, ಎಡಿಸನ್ನನ ಪ್ರಯೋಗಶಾಲೆಯಲ್ಲಿ, 1890ರ ದಶಕದ ಆರಂಭದಲ್ಲಿ. ಆತನ ಸಹಾಯಕನಾಗಿದ್ದ ಡಿಕ್ಸನ್ ಎಂಬವನು 35 ಮಿಲಿಮೀಟರ್ ಅಗಲದ ಫಿಲ್ಮಿನ ಎರಡು ಅಂಚುಗಳಲ್ಲಿಯೂ ರಂಧ್ರಗಳನ್ನು ಕೊರೆದು, ನಾಲ್ಕು ರಂಧ್ರಗಳಿಗೊಂದರಂತೆ ಚಿತ್ರವನ್ನು ಕೂರಿಸಿದಾಗ ಆ ಚಿತ್ರ ಒಂದು ಅಂಗುಲ ಅಗಲ, ಮುಕ್ಕಾಲು ಅಂಗುಲ ಎತ್ತರವಾಯಿತು. ನಾಲ್ಕಕ್ಕೆ ಮೂರೆಂಬ ಪ್ರಮಾಣದ ಹಿಂದೆ ಇದಕ್ಕಿಂತ ಗಹನವಾದ ಯಾವ ಸೌಂದರ್ಯಶಾಸ್ತ್ರವೂ ಇದ್ದಂತಿಲ್ಲ. ಮಾತು ಬಂದ ಮೇಲೆ ಧ್ವನಿಯ ಪಟ್ಟಿಗಾಗಿ ಫಿಲ್ಮಿನ ಒಂದು ಮಗ್ಗುಲನ್ನು ಬಿಟ್ಟುಕೊಡಬೇಕಾಗಿ, 1932ರಲ್ಲಿ ಈ ಪ್ರಮಾಣ 1.37ಕ್ಕೆ ಒಂದು ಎಂದು ಸ್ವಲ್ಪವೇ ಮಾರ್ಪಟ್ಟಿತು. 1934ರ ‘ಸತಿ ಸುಲೋಚನ’ದಿಂದ ಮೊದಲಾಗಿ 1954ರ ‘ಬೇಡರ ಕಣ್ಣಪ್ಪ’ನವರೆಗೆ ಕನ್ನಡದ ವಾಕ್ಚಿತ್ರಗಳು ಮೂಡಿದ್ದು ಈ ಚೌಕಪ್ರಾಯವಾದ ಚೌಕಟ್ಟಿನಲ್ಲಿಯೇ.

ಆ ಚೌಕಟ್ಟು ನಮ್ಮ ತಾಲ್ಲೂಕುಗಳ ಟೂರಿಂಗ್ ಟಾಕೀಸುಗಳಿಗೆ ಹೇಳಿ ಮಾಡಿಸಿದಂತಿತ್ತು. ಸುಗ್ಗಿ ಮುಗಿದು ಬಯಲು ಬಿಡುವಾದೊಡನೆ ಊರ ಹೊರಗೆ ಎದ್ದು ನಿಲ್ಲುತ್ತಿದ್ದ ಆ ಗುಡಾರದಲ್ಲಿ, ಹಗಲ ಬೆಳಕು ಸಂದುಗಳಿಂದ ಒಳನುಗ್ಗುತ್ತಿದ್ದುದರಿಂದ, ಕತ್ತಲಾಗುವವರೆಗೆ ಆಟವಿಲ್ಲ. ಘಂಟಸಾಲರ ‘ನಮೋ ವೆಂಕಟೇಶ’ ಧ್ವನಿವರ್ಧಕದಲ್ಲಿ ಮೊಳಗಿತೆಂದರೆ ಸುತ್ತಲಿನ ಹಳ್ಳಿಗಳಿಗೆ ಟಿಕೇಟು ಕೊಡಲಾರಂಭಿಸಿದರೆಂಬ ಸೂಚನೆ. ಒಳಗೆ ನೆಲ, ಬೆಂಚು, ಕುರ್ಚಿ ಎಂಬ ವರ್ಗಭೇದ. ನೆಲದಲ್ಲಿ ಮುಂದಿನವರ ತಲೆ ಅಡ್ಡವಾದರೆ ಮಣ್ಣನ್ನು ಗುಪ್ಪೆ ಮಾಡಿ ಆಸನವನ್ನು ಎತ್ತರಿಸಿಕೊಳ್ಳುವ ಸ್ವಾತಂತ್ರ್ಯ. ಬಹುಪಾಲು ಟೆಂಟುಗಳಲ್ಲಿ ಇರುತ್ತಿದ್ದುದು ಒಂದೇ ಪ್ರೊಜೆಕ್ಟರು. ಆದಕಾರಣ ರೀಲು ಮುಗಿದಾಗಲೆಲ್ಲ ದೀಪ ಹತ್ತಿ, ಕಡಲೆಕಾಯಿ ಮಾರುವ ಹುಡುಗರು ಒಳಹೊಕ್ಕು, ಕಥಾನಾಯಕಿಯ ಕಣ್ಣೀರು ಮುಂದಿನ ರೀಲಿನವರೆಗೆ ಕಾದಿರಬೇಕಾಗುತ್ತಿತ್ತು. ಪರದೆಯೆಂದರೆ ಬಟ್ಟೆಯ ಪನ್ನಗಳನ್ನು ಜೋಡಿಸಿ ಹೊಲಿದ ಬಿಳಿಯ ಅರಿವೆ. ಬಟ್ಟೆಯ ಉದ್ದವನ್ನು ಎಷ್ಟು ಬೇಕಾದರೂ ಬೆಳೆಸಬಹುದು, ಪನ್ನವನ್ನು, ಎಂದರೆ ಅಗಲವನ್ನು, ಹೆಚ್ಚಿಸಬೇಕಾದರೆ ಹಣಿಗೆಯಿಂದ ಮೊದಲಾಗಿ ಮಗ್ಗವನ್ನೇ ಮಾರ್ಪಡಿಸಬೇಕೆಂಬುದು ದೊಡ್ಡಬಳ್ಳಾಪುರದ ನೇಕಾರನಿಗೆ ತಿಳಿದ ಮಾತು. ಟೆಂಟಿನ ಸ್ಥಿತಿಯೂ ಅಂತಹುದೇ. ಪರದೆಯನ್ನು ಅಗಲಿಸಹೊರಟರೆ ಗುಡಾರದ ಕಂಬಗಳೇ ಅಡ್ಡಬರುತ್ತಿದ್ದವು.

ಹೀಗಿರುವಲ್ಲಿ, ಪಶ್ಚಿಮದಲ್ಲಿ ಸಿನಿಮಾ ಅಗಲವಾಗತೊಡಗಿತು. ಮನೆಮನೆಗೆ ಬಂದ ಟೆಲಿವಿಷನ್ ಪೆಟ್ಟಿಗೆ, ಚಲನಚಿತ್ರದ ಆಕಾರವನ್ನೇ ಅನುಕರಿಸಿ ನಾಲ್ಕಕ್ಕೆ ಮೂರಾಗಿ ರೂಪುಗೊಂಡು, ಚಿತ್ರಮಂದಿರಗಳ ಜನವನ್ನು ಸೆಳೆದುಕೊಂಡಾಗ, ಮನೆಯಲ್ಲಿ ದೊರೆಯದ ವಸ್ತುವೊಂದನ್ನು ತೋರಿಸಿ ಪ್ರೇಕ್ಷಕರನ್ನು ಮರಳಿ ಕರೆತರಬೇಕೆಂಬ ಚಿಂತೆ ಹಾಲಿವುಡ್ಡಿನ ಧಣಿಗಳಿಗೆ ಉಂಟಾಯಿತು. ಫ್ರಾನ್ಸಿನ ಆಂರಿ ಕ್ರೆತಿಯೆನ್ ಎಂಬ ವಿಜ್ಞಾನಿ 1920ರ ದಶಕದಲ್ಲಿಯೇ ನಿರ್ಮಿಸಿದ್ದ ವಿಚಿತ್ರವಾದ ಮಸೂರ ಆಗ ಅವರ ನೆರವಿಗೆ ಬಂದಿತು. ವಿಶಾಲವಾದ ದೃಶ್ಯವನ್ನು ಎರಡು ಬದಿಗಳಿಂದ ಅರ್ಧಕ್ಕರ್ಧ ಅಮುಕಿ ಮಾಮೂಲಿ ಫಿಲ್ಮಿನಲ್ಲಿ ಅಡಗಿಸುವುದು, ಪ್ರದರ್ಶನದ ಸಮಯದಲ್ಲಿ ಅಂಥದೇ ಮಸೂರದಿಂದ ಅದನ್ನು ಮತ್ತೆ ಹಿಗ್ಗಿಸುವುದು: ಇಷ್ಟೇ ಸಿನಿಮಾಸ್ಕೋಪಿನ ಮರ್ಮ. ಇದರ ಪ್ರಥಮ ಚಿತ್ರ ‘ದಿ ರೋಬ್’ 1953ರಲ್ಲಿ ತೆರೆಕಂಡಿತು.

ಭಾರತದಲ್ಲಿ ಈ ವಿದ್ಯೆಯನ್ನು ಮೊದಲು ಸಾಧಿಸಿದವರು ನಮ್ಮವರೇ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1959ರಲ್ಲಿ ಗುರುದತ್ ನಿರ್ಮಿಸಿದ ‘ಕಾಗಜ್ ಕೆ ಫೂಲ್’ ಹಿಂದಿಯ ಮೊಟ್ಟಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನಲ್ಲಿ ಜನಿಸಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ವಿದ್ಯೆ ಕಲಿತು, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಪ್ರಥಮ ಛಾಯಾಗ್ರಾಹಕರೆನಿಸಿದವರು. ಚಿತ್ರವೇನೋ ಅಂದು ಹಣ ಗಳಿಸದೆ ಸೋತಿತು. ಕನ್ನಡಕ್ಕೆ ಸ್ಕೋಪು ಬರಲು ಮತ್ತೆ ಹದಿನೆಂಟು ವರ್ಷ ಹಿಡಿದು, 1977ರ ‘ಸೊಸೆ ತಂದ ಸೌಭಾಗ್ಯ’ ಆ ಕೀರ್ತಿಗೆ ಪಾತ್ರವಾಯಿತು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರಿನಲ್ಲಿ. ಅಂದರೆ ಟೆಲಿವಿಷನ್ನಿಗೆ ಹೆದರಿ ಅಮೆರಿಕದವರು ಕಂಡುಕೊಂಡ ಅಗಲ, ಹೆದರಬೇಕಾದ ಆ ಪೆಟ್ಟಿಗೆಯೇ ಇನ್ನೂ ಕಾಲಿಡದಿದ್ದ ನಮ್ಮ ಊರುಗಳಿಗೆ ಕೇವಲ ವೈಭವವಾಗಿ, ಗೋಡೆಯ ಪೋಸ್ಟರಿನ ಮೇಲಿನ ಬಿರುದಾಗಿ ಬಂದಿತು.

ಬಿರುದನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ಪ್ರೊಜೆಕ್ಟರಿನ ಆಪರೇಟರನದು. ನ್ಯೂಸ್‌ರೀಲು ಮುಗಿದು ಸ್ಕೋಪ್ ಚಿತ್ರ ಆರಂಭವಾಗುವುದರೊಳಗಾಗಿ ಆತ ಒಳಗಿನ ಗೇಟಿನ ತಗಡನ್ನು ಬದಲಿಸಿ, ಹಿಗ್ಗಿಸುವ ಮಸೂರವನ್ನು ಮುಂದೆ ಕೂರಿಸಿ, ಕೈಯಿಂದ ತಿರುಗಿಸಿ ಸರಿಮಾಡಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಪರದೆಯ ಮೇಲಿನ ಬಾಗಿಲ ಕಂಬಗಳೆಲ್ಲ ಒಂದು ಕಡೆಗೆ ವಾಲುತ್ತಿದ್ದವು. ಮಸೂರವನ್ನು ಹಾಕುವುದನ್ನೇ ಮರೆತರಂತೂ ಪೈಲ್ವಾನನೂ ಊದುಬತ್ತಿಯಾಗಿ ಕಾಣಿಸಿಕೊಳ್ಳುತ್ತಿದ್ದ, ನೆಲದವರ ಶಿಳ್ಳೆ ಮುಗಿಲು ಮುಟ್ಟುತ್ತಿತ್ತು.

ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಅಗಲ ಪರದೆಗೂ ಒಂದು ನಂಟಿದೆ. 1986ರಲ್ಲಿ ರಚಿತವಾದ ಈ ಜಿಲ್ಲೆಯಿಂದ 2007ರಲ್ಲಿ ರಾಮನಗರ ಬೇರ್ಪಟ್ಟಿತು. ಆ ರಾಮನಗರದ ಬಂಡೆಗಳ ನಡುವೆ 1973ರಿಂದ ಚಿತ್ರಣಗೊಂಡ ‘ಶೋಲೆ’ 1975ರ ಆಗಸ್ಟಿನಲ್ಲಿ 70 ಮಿಲಿಮೀಟರಿನ ವಿಸ್ತಾರದಲ್ಲಿ ಬಿಡುಗಡೆಯಾಯಿತು. ಚಿತ್ರವನ್ನು ತೆಗೆದದ್ದು ಮಾಮೂಲಿ 35 ಮಿಲಿಮೀಟರಿನಲ್ಲಿಯೇ. ಹಿಗ್ಗಿಸುವಾಗ ಮೇಲೆ ಕೆಳಗೆ ಎಷ್ಟು ಕತ್ತರಿಸಿಹೋಗುವುದೆಂಬುದನ್ನು ಮೊದಲೇ ಲೆಕ್ಕಹಾಕಿ ಪ್ರತಿಯೊಂದು ದೃಶ್ಯವನ್ನೂ ಜೋಡಿಸಬೇಕಾಗಿತ್ತು.

ದೂರದರ್ಶನ ಬಂದ ಮೇಲೆ ನಡೆದದ್ದು ಇದರ ವಿಲೋಮ. ಅಗಲವಾಗಿದ್ದ ಚಿತ್ರಗಳನ್ನು ಪೆಟ್ಟಿಗೆಗೆ ತುಂಬಬೇಕಾಗಿ ಬಂದು, ಎರಡು ಬದಿಗಳಲ್ಲಿ ನಿಂತು ಜಗಳವಾಡುತ್ತಿದ್ದ ಅತ್ತೆ ಸೊಸೆಯರಲ್ಲಿ ಒಬ್ಬರು ಚೌಕಟ್ಟಿನಾಚೆಗೆ ಸರಿದರು. ಮನೆಯ ಮಾಡಿನ ಮೇಲೆ ಬೆಂಗಳೂರಿನ ದಿಕ್ಕಿಗೆ ಆಂಟೆನಾ ತಿರುಗಿಸಿ ಚುಕ್ಕೆಗಳಿಲ್ಲದ ಚಿತ್ರ ಮೂಡಿದರೆ ಸಾಕೆಂಬ ಆ ಕಾಲದಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಕಂಪ್ಯೂಟರಿನ ಮಾನಿಟರೂ ಇದೇ ಪೆಟ್ಟಿಗೆಯ ವಂಶದ್ದಾದ್ದರಿಂದ ನಾಲ್ಕಕ್ಕೆ ಮೂರಾಗಿಯೇ ಹುಟ್ಟಿತು. ಬಸ್ ನಿಲ್ದಾಣದ ಆಸುಪಾಸಿನ ಸೈಬರ್ ಸೆಂಟರುಗಳಲ್ಲಿ ಗಂಟೆಗಿಷ್ಟೆಂದು ತೆತ್ತು ಕೌಂಟರ್-ಸ್ಟ್ರೈಕ್ ಆಡಿದ ಹುಡುಗರ ಕಣ್ಣು ಪಳಗಿದ್ದು ಈ ಆಕಾರಕ್ಕೆ. ಇಂದಿಗೂ ಆ ಆಟದ ನುರಿತ ಸ್ಪರ್ಧಿಗಳಲ್ಲಿ ಅನೇಕರು ಅಗಲವಾದ ಮಾನಿಟರಿನ ಮೇಲೆಯೇ ನಾಲ್ಕಕ್ಕೆ ಮೂರರ ಚಿತ್ರವನ್ನು ಎಳೆದು ಹಿಗ್ಗಿಸಿ ಆಡುತ್ತಾರೆ.

ಈಗ ಸರ್ವತ್ರ ವ್ಯಾಪಿಸಿರುವ 16ಕ್ಕೆ 9ರ ಆಕಾರ ಮೂಲತಃ ಯಾವ ಚಿತ್ರದ ಸ್ವಂತ ಆಕಾರವೂ ಅಲ್ಲ, ರಾಜಿಯ ಫಲ. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಅಮೆರಿಕದ ತಂತ್ರಜ್ಞ ಬಳಕೆಯಲ್ಲಿದ್ದ ಚೌಕಟ್ಟುಗಳನ್ನೆಲ್ಲ ಒಂದರ ಮೇಲೊಂದಿಟ್ಟು ನೋಡಿ, ಹಳೆಯ ಪೆಟ್ಟಿಗೆಗೂ ಸ್ಕೋಪಿಗೂ ಸಮದೂರದಲ್ಲಿರುವ ಈ ಮಧ್ಯಮ ಪ್ರಮಾಣವನ್ನು ಸೂಚಿಸಿದ. ಅದರಿಂದಾಗಿ ಹಳೆಯ ಚಿತ್ರ ನೋಡುವಾಗ ಬದಿಗಳಲ್ಲಿ, ಸ್ಕೋಪ್ ಚಿತ್ರ ನೋಡುವಾಗ ಮೇಲೆ ಕೆಳಗೆ, ಹೆಚ್ಚು ಕಡಿಮೆ ಪರದೆಯ ಕಾಲುಭಾಗ ಖಾಲಿ ಉಳಿಯುತ್ತದೆ. ನ್ಯಾಯವನ್ನು ಸಮನಾಗಿ ಹಂಚುವ ಪಂಚಾಯಿತಿಯಲ್ಲಿ ಇಬ್ಬರಿಗೂ ಅಸಮಾಧಾನ ತಪ್ಪಿದ್ದಲ್ಲ. ಕಂಪ್ಯೂಟರುಗಳು ಕೆಲವು ಕಾಲ 16ಕ್ಕೆ 10ರ ದಾರಿ ಹಿಡಿದಿದ್ದವು. ಓದುಬರಹಕ್ಕೆ ಅದೇ ಮೇಲೆಂದು ನನ್ನ ಮತ. ಆದರೆ 2008ರ ಸುಮಾರಿಗೆ, ಟಿವಿಯ ಆಕಾರದಲ್ಲಿಯೇ ಗಾಜಿನ ಹಾಳೆಗಳನ್ನು ಕತ್ತರಿಸುವುದು ಲಾಭವೆಂದು ಕಾರ್ಖಾನೆಗಳು ಕಂಡುಕೊಂಡದ್ದರಿಂದ ಅದು ಬಹುಮಟ್ಟಿಗೆ ಹಿಂದೆ ಸರಿಯಿತು.

ಅಂಗಡಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅಂಗುಲದ ಲೆಕ್ಕದಲ್ಲಿರುವ ಒಂದು ಮಾಯೆಯನ್ನು ಅರಿತಿರಬೇಕು. ಅಂಗುಲವೆಂಬುದು ಮೂಲೆಯಿಂದ ಮೂಲೆಗೆ ಅಳೆದ ಕರ್ಣ. ಆಕಾರ ಅಗಲವಾದಷ್ಟೂ ಅದೇ ಕರ್ಣದಲ್ಲಿ ವಿಸ್ತೀರ್ಣ ಕುಗ್ಗುತ್ತದೆ. 34 ಅಂಗುಲದ ಅಲ್ಟ್ರಾವೈಡಿನ, ಎಂದರೆ ಅತಿ ಅಗಲದ ಮಾನಿಟರಿನ, ಎತ್ತರ ಸುಮಾರು 13 ಅಂಗುಲ. 27 ಅಂಗುಲದ ಮಾಮೂಲಿ ಮಾನಿಟರಿನದೂ ಅಷ್ಟೇ. ಹೆಚ್ಚಿಗೆ ತೆತ್ತ ಹಣಕ್ಕೆ ದೊರೆಯುವುದು ಎರಡು ಪಕ್ಕಗಳು ಮಾತ್ರ. ಕಾರೋಟದಂಥ ಆಟಗಳಲ್ಲಿ, ಸ್ಕೋಪ್ ಚಿತ್ರಗಳಲ್ಲಿ ಆ ಪಕ್ಕಗಳು ಸಾರ್ಥಕವಾಗುತ್ತವೆ. ಕೆಲವು ಸ್ಪರ್ಧೆಯ ಆಟಗಳಾದರೋ 16ಕ್ಕೆ 9ರಿಂದಾಚೆಗೆ ತೆರೆದುಕೊಳ್ಳುವುದೇ ಇಲ್ಲ. ಕಪ್ಪು ಬಿಳುಪಿನ ಕಾಲದ ಚಿತ್ರ ಅಲ್ಟ್ರಾವೈಡಿನ ಮೇಲೆ ಅರ್ಧಕ್ಕಿಂತ ತುಸುವೇ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಸ್ಕೋಪ್ ಚಿತ್ರಗಳನ್ನೂ ಹಳೆಯ ಚಿತ್ರಗಳನ್ನೂ ನೋಡುವ ಮನೆಗೆ 27 ಅಂಗುಲದ್ದೇ ಲೇಸು. ವೇಗದ ವಿಷಯದಲ್ಲಿ ಆಟಗಾರನ ಹಟದಿಂದ ಸಿನಿಮಾಕ್ಕೂ ಒಂದು ಉಪಕಾರವಾಗಿದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳಂತೆ. ಹಳೆಯ ಮಾನಿಟರುಗಳ 60 ಹರ್ಟ್ಸನ್ನು, ಎಂದರೆ ಸೆಕೆಂಡಿಗೆ 60 ಸಲದ ಮಿನುಗನ್ನು, ಅದು ನಿಶ್ಶೇಷವಾಗಿ ಭಾಗಿಸದ ಕಾರಣ ಅವುಗಳಲ್ಲಿ ಚಿತ್ರ ತೊದಲುತ್ತದೆ. ಆಟಕ್ಕೆಂದು ಮಾಡಿದ 120 ಅಥವಾ 144 ಹರ್ಟ್ಸಿನ ತೆರೆಗಳಲ್ಲಿ ಪ್ರತಿಯೊಂದು ಚಿತ್ರವೂ ಕ್ರಮವಾಗಿ ಐದು ಅಥವಾ ಆರು ಸಲ ಸಮವಾಗಿ ಮಿನುಗಬಲ್ಲುದು.

  ನಮ್ಮ ಹಳೆಯ ಚಿತ್ರಗಳಿಗಾದರೋ ಈಗ ಹೊಸ ಸಂಕಟ ಪ್ರಾಪ್ತವಾಗಿದೆ. 1960ರ ‘ರಣಧೀರ ಕಂಠೀರವ’ದಂಥ ಚಿತ್ರಗಳನ್ನು ಅಂತರ್ಜಾಲಕ್ಕೆ ಏರಿಸುವವರಲ್ಲಿ ಹಲವರು, ಪರದೆ ತುಂಬಬೇಕೆಂಬ ಆಸೆಯಿಂದ, ಒಂದೋ ಅಡ್ಡಕ್ಕೆ ಎಳೆದು ಪಾತ್ರಗಳನ್ನು ಡೊಳ್ಳಾಗಿಸುತ್ತಾರೆ, ಇಲ್ಲವೇ ಕಿರೀಟವನ್ನೂ ಗದ್ದವನ್ನೂ ಕತ್ತರಿಸುತ್ತಾರೆ. ಆ ಚಿತ್ರದ ನಾಯಕಿಯರಲ್ಲೊಬ್ಬರಾದ ಲೀಲಾವತಿ ನೆಲಮಂಗಲದ ಬಳಿಯ ಸೋಲದೇವನಹಳ್ಳಿಯಲ್ಲಿ ನೆಲೆಸಿ 2023ರಲ್ಲಿ ತೀರಿಕೊಂಡರು. ಅವರ ಮುಖ ಹೇಗಿತ್ತೆಂಬುದನ್ನು ಕಾಣಬಯಸುವವನು ಮೂಲ ಪ್ರಮಾಣದ ಪ್ರತಿಯನ್ನೇ ಹುಡುಕಬೇಕು. ಅಂಥ ಪ್ರತಿಯೊಂದನ್ನು ಫೋನಿನಲ್ಲಿ ಇಳಿಸಿಕೊಂಡು ಹೋಗಿ, ಅಂಗಡಿಯವನಿಗೆ ಹೇಳಿ ಮಾನಿಟರಿನ ಮೇಲೆ ಓಡಿಸಿ, ದೀಪ ತಗ್ಗಿಸಿ, ಎರಡು ಬದಿಯ ಕಪ್ಪು ಪಟ್ಟಿಗಳನ್ನು ನೋಡಬಹುದು. ಪಟ್ಟಿ ಬೂದು ಬಣ್ಣಕ್ಕೆ ತಿರುಗಿ ಮೂಲೆಗಳಲ್ಲಿ ಹೊಳೆದರೆ ಅದು ಪ್ರಾಯಶಃ ಐಪಿಎಸ್ ಎಂಬ ಬಗೆಯ ಫಲಕ. ಬಣ್ಣಕ್ಕೆ ಒಳ್ಳೆಯದು, ಕತ್ತಲಿಗೆ ಸಾಲದು. ಮಸಿಯಂತೆ ಕಪ್ಪಾಗಿಯೇ ನಿಂತರೆ ವಿಎ ಎಂಬ ಇನ್ನೊಂದು ಬಗೆಯ ಫಲಕವಿರಬಹುದು. ಅದರಲ್ಲಿ ವೇಗದ ಆಟವಾಡುವಾಗ ನೆರಳುಗಳು ತುಸು ಬಾಲ ಎಳೆಯುತ್ತವೆಯೇ ಎಂಬುದನ್ನೂ ಪರೀಕ್ಷಿಸಿ, ಆಮೇಲೆ ಬೆಲೆಯ ಮಾತನ್ನು ಎತ್ತತಕ್ಕದ್ದು.