ನೆಲದ ಮೇಲಿನ ಚಾಕ್ ನಕ್ಷೆ

ಇವತ್ತಿನ ಕಥೆ ಒಂದು ತುರ್ತು ರಿಪೇರಿಯದ್ದು.

1974ರ ಮಾರ್ಚ್ 27. ಇಂಗ್ಲೆಂಡಿನ ಫ್ಲಿಕ್ಸ್‌ಬರೋ. ನೈಲಾನ್‌ಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ತಯಾರಿಸುವ ನೈಪ್ರೋ ಕಾರ್ಖಾನೆ. ಅಲ್ಲಿ ಸಾಲಾಗಿ ಆರು ರಿಯಾಕ್ಟರ್‌ಗಳು, ಒಳಗೆ ಒತ್ತಡದಲ್ಲಿ ಬಿಸಿ ಸೈಕ್ಲೋಹೆಕ್ಸೇನ್. ಪೆಟ್ರೋಲ್ ಥರ ಹೊತ್ತಿಕೊಳ್ಳೋ ದ್ರವ ಅದು. ಐದನೆಯದು ಬಿರುಕು ಬಿಟ್ಟಿದ್ದು ಕಣ್ಣಿಗೆ ಬಿತ್ತು.

ಪ್ಲಾಂಟ್ ನಿಲ್ಲಿಸಿದರು. ಅದು ಸರಿಯೇ. ಆಮೇಲೆ ಶುರುವಾಯ್ತು ಅವಸರ. ಐದನ್ನು ತೆಗೆದು, ನಾಲ್ಕಕ್ಕೂ ಆರಕ್ಕೂ ಪೈಪ್ ಜೋಡಿಸಿದರೆ ಉತ್ಪಾದನೆ ಮುಂದುವರಿಯುತ್ತೆ, ಅಷ್ಟೇ ತಾನೆ? ರಿಯಾಕ್ಟರ್‌ಗಳ ಬಾಯಿ 28 ಇಂಚು, ಹಾಕಿದ ಪೈಪ್ 20 ಇಂಚು. ಎರಡು ಬಾಯಿಗಳೂ ಒಂದೇ ಎತ್ತರದಲ್ಲಿಲ್ಲ, ಹಾಗಾಗಿ ಪೈಪ್ ನಡುವೆ ಸೊಂಟ ಮುರಿದಂತೆ ಬಾಗಬೇಕಾಯ್ತು. ಎರಡೂ ತುದಿಗೆ ಬೆಲ್ಲೋಸ್, ಆಧಾರಕ್ಕೆ ಸ್ಕ್ಯಾಫೋಲ್ಡಿಂಗ್ ಕಂಬಗಳು. ಡ್ರಾಯಿಂಗ್? ವರ್ಕ್‌ಶಾಪ್ ನೆಲದ ಮೇಲೆ ಚಾಕ್‌ನಲ್ಲಿ ಬರೆದದ್ದು. ಅದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಏಪ್ರಿಲ್ 1ಕ್ಕೆ ಪ್ಲಾಂಟ್ ಮತ್ತೆ ಚಾಲೂ.

ಒತ್ತಡ ಬಿದ್ದಾಗ ಆ ಬಾಗಿದ ಪೈಪ್ ಹೇಗೆ ತಿರುಚಿಕೊಳ್ಳುತ್ತೆ ಅಂತ ಲೆಕ್ಕ ಹಾಕಬಲ್ಲ ವರ್ಕ್ಸ್ ಎಂಜಿನಿಯರ್ ಆ ವರ್ಷದ ಆರಂಭದಲ್ಲೇ ಕೆಲಸ ಬಿಟ್ಟಿದ್ದರು, ಜಾಗ ಖಾಲಿ. ನಾನು ಬಿಕಾಂ. ನಿಂತ ಪ್ಲಾಂಟ್ ನಷ್ಟ ಅನ್ನೋದು ನನಗೆ ತಕ್ಷಣ ಅರ್ಥವಾಗುತ್ತೆ. ಆದರೆ ಖಾಲಿ ಕುರ್ಚಿ ಲೆಡ್ಜರ್‌ನಲ್ಲಿ ಉಳಿತಾಯ ಅಂತ ಕಾಣುತ್ತೆ ನೋಡಿ!

ಐದನೆಯದು ಬಿರುಕು ಬಿಟ್ಟಿದ್ದು ಯಾಕೆ? ಅದನ್ನು ತಿಳಿದುಕೊಳ್ಳದೆಯೇ ಉಳಿದ ಐದನ್ನು ಓಡಿಸಿದರು. ಉತ್ತರ ಆಮೇಲೆ ಸಿಕ್ಕಿತು. ಹಿಂದೊಮ್ಮೆ ಸಣ್ಣ ಸೋರಿಕೆ ತಡೆಯಲು ಆ ರಿಯಾಕ್ಟರ್ ಮೇಲೆ ನೀರು ಹರಿಸಿದ್ದರು. ನೀರಿನಲ್ಲಿದ್ದ ನೈಟ್ರೇಟ್ ಉಕ್ಕನ್ನು ತಿಂದಿತ್ತು. ಅಂದ್ರೆ ಬಿರುಕು ಹುಟ್ಟಿದ್ದೂ ಒಂದು ಅವಸರದ ರಿಪೇರಿಯಿಂದಲೇ.

ಜೂನ್ 1, ಶನಿವಾರ, ಸಂಜೆ 4.53. ಬೈಪಾಸ್ ಪೈಪ್ ಕಿತ್ತುಹೋಯ್ತು. ಸೈಕ್ಲೋಹೆಕ್ಸೇನ್ ಮೋಡದಂತೆ ಹಬ್ಬಿ ಸ್ಫೋಟಿಸಿತು. 28 ಜನ ಸತ್ತರು. ಅವರಲ್ಲಿ 18 ಜನ ಕಂಟ್ರೋಲ್ ರೂಮ್‌ನಲ್ಲಿದ್ದವರು. ವಾರಾಂತ್ಯ, ಹಾಗಾಗಿ ಆಫೀಸ್ ಕಟ್ಟಡ ಬಹುತೇಕ ಖಾಲಿಯಿತ್ತು.

ಮರುವರ್ಷ ತನಿಖಾ ವರದಿ ಬಂತು. ಪ್ಲಾಂಟ್‌ನಲ್ಲಿ ಏನೇ ಬದಲಾವಣೆ ಮಾಡಿದರೂ ಅದರ ವಿನ್ಯಾಸ, ಪರೀಕ್ಷೆ ಮೂಲ ಪ್ಲಾಂಟ್‌ನಷ್ಟೇ ಕಟ್ಟುನಿಟ್ಟಾಗಿರಬೇಕು ಅಂತ ಅದು ಹೇಳಿತು. ಇವತ್ತು ಕೆಮಿಕಲ್ ಕಾರ್ಖಾನೆಗಳಲ್ಲಿ ತಾತ್ಕಾಲಿಕ ಪೈಪ್ ಹಾಕೋಕೂ ಫಾರ್ಮ್ ತುಂಬಿಸಿ ಸಹಿ ಹಾಕಿಸ್ಕೋತಾರಲ್ಲ, ಅದರ ಹಿಂದೆ ಈ ಚಾಕ್ ನಕ್ಷೆಯೂ ಇದೆ.